ನಮ್ಮ ರಕ್ತದಲ್ಲಿಲ್ಲದ ಬ್ರೇಕು

ದಾವಣಗೆರೆಯ ಎಪಿಎಂಸಿಯಲ್ಲಿ ದಿನವಿಡೀ ಮೆಕ್ಕೆಜೋಳದ ಚೀಲ ಹೊತ್ತ ಒಬ್ಬ ಹಮಾಲಿ ರಾತ್ರಿ ಹತ್ತರ ಹೊತ್ತಿಗೆ ಒಂದು ಕ್ವಾರ್ಟರ್ ಮುಗಿಸಿ ಮನೆ ಕಡೆ ಹೆಜ್ಜೆ ಹಾಕುತ್ತಾನೆ ಎಂದುಕೊಳ್ಳೋಣ. ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಆಲ್ಕೊಹಾಲಿನ ಪ್ರಮಾಣ ಸಾಮಾನ್ಯವಾಗಿ ಶೇ. 42.8. ಲೆಕ್ಕ ಹಾಕಿದರೆ ಆ ಕ್ವಾರ್ಟರ್ ಪ್ಯಾಕೆಟ್ಟಿನಲ್ಲಿ ಇರುವುದು ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲು. ಅವನ ತೂಕ 60 ಕಿಲೋ ಇದ್ದರೆ, ಅಷ್ಟೂ ಹೊಟ್ಟೆಯಿಂದ ರಕ್ತಕ್ಕೆ ಇಳಿದಾಗ 100 ಮಿಲಿಲೀಟರ್ ರಕ್ತದಲ್ಲಿ 150 ಮಿಲಿಗ್ರಾಂ ಹತ್ತಿರ ಆಗುತ್ತದೆ. ಅದು ಇಳಿಯುವುದು ಗಂಟೆಗೆ ಸರಿಸುಮಾರು 15 ಮಿಲಿಗ್ರಾಂ. ಮಜ್ಜಿಗೆ ಕುಡಿದರೂ ಅಷ್ಟೇ, ತಲೆ ಮೇಲೆ ತಣ್ಣೀರು ಸುರಿದುಕೊಂಡರೂ ಅಷ್ಟೇ. ಬೆಳಿಗ್ಗೆ ಆರಕ್ಕೆ ಎದ್ದಾಗಲೂ ಅವನ ರಕ್ತದಲ್ಲಿ 30ರ ಆಸುಪಾಸು ಉಳಿದಿರುತ್ತದೆ. ಅವನು ಹಮಾಲಿಯಾಗಿರದೆ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿ ಹತ್ತಬೇಕಾದ ಚಾಲಕನಾಗಿದ್ದರೆ, ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ ಮಿತಿಯೂ ಅದೇ 30.

ಮಲಗಿದವನ ಮೈಯೊಳಗೆ ಆ ಇಡೀ ರಾತ್ರಿ ಪಾಳಿ ಮಾಡುವುದು ಮುಖ್ಯವಾಗಿ ಎರಡು ಕಿಣ್ವಗಳು. ಮೊದಲನೆಯದು ಆಲ್ಕೊಹಾಲ್ ಡಿಹೈಡ್ರೋಜಿನೇಸ್, ಚಿಕ್ಕದಾಗಿ ಎಡಿಎಚ್. ಅದು ಆಲ್ಕೊಹಾಲನ್ನು ಅಸಿಟಾಲ್ಡಿಹೈಡ್ ಎಂಬ ವಿಷವನ್ನಾಗಿ ಮಾರ್ಪಡಿಸುತ್ತದೆ. ಎರಡನೆಯದು ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಅಥವಾ ಎಎಲ್‌ಡಿಎಚ್. ಅದು ಆ ವಿಷವನ್ನು ಹಿಡಿದು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ಮೊದಲನೆಯದರ ಮುಖ್ಯ ಜೀನುಗಳು ನಾಲ್ಕನೇ ವರ್ಣತಂತುವಿನಲ್ಲಿವೆ, ಎರಡನೆಯದರಲ್ಲಿ ಮುಖ್ಯವಾದದ್ದು ಹನ್ನೆರಡನೆಯದರಲ್ಲಿದೆ. ಕುಡಿದವನಿಗೆ ಆಗುವ ಸುಖದುಃಖಗಳಲ್ಲಿ ಬಹುಪಾಲು ಈ ಎರಡರ ನಡುವಿನ ಹೊಂದಾಣಿಕೆಯ ಮೇಲೆ ನಿಂತಿದೆ. ಮೊದಲನೆಯದು ಜೋರಾಗಿ ಓಡಿ ಎರಡನೆಯದು ಕುಂಟಿದರೆ ವಿಷ ಮೈಯಲ್ಲೇ ಗುಡ್ಡೆ ಬೀಳುತ್ತದೆ. ಮುಖ ಕೆಂಪಾಗುತ್ತದೆ, ಎದೆ ಡವಗುಟ್ಟುತ್ತದೆ, ಹೊಟ್ಟೆ ತೊಳೆಸುತ್ತದೆ, ಸಾಕಪ್ಪಾ ಸಾಕು ಅನ್ನಿಸುತ್ತದೆ.

ದಾವಣಗೆರೆಯ ಗಲ್ಲಿಗಳಲ್ಲಿ, ಹರಿಹರದ ಹೊಳೆದಂಡೆಯಲ್ಲಿ, ಸಾರಥಿಯಂಥ ಹಳ್ಳಿಯ ಕಟ್ಟೆಯ ಮೇಲೆ ಒಂದು ಮಾತು ಆಗಾಗ ಕೇಳುತ್ತದೆ: “ಅಪ್ಪಾನೂ ಹಂಗೇ ಇದ್ದ, ಮಗಾನೂ ಹಂಗೇ. ರಕ್ತದಾಗೇ ಐತಿ ಬಿಡು.” ಹೆಣ್ಣು ಕೊಡುವ ಮುಂಚೆ ವಿಚಾರಿಸುವವರ ಬಾಯಲ್ಲೂ ಅದೇ ಮಾತು, ಕುಡಿದು ಬಂದ ಗಂಡನ ಎದುರು ಸೋತು ಕೂತ ಹೆಂಗಸಿನ ಬಾಯಲ್ಲೂ ಅದೇ ಮಾತು. ಆ ಮಾತಿನಲ್ಲಿ ಎಷ್ಟು ನಿಜ ಇದೆ ಎಂದು ವಿಜ್ಞಾನ ಐವತ್ತು ವರ್ಷಗಳಿಂದ ಹುಡುಕುತ್ತಿದೆ. ಸಿಕ್ಕ ಉತ್ತರ ವಿಚಿತ್ರವಾಗಿದೆ. ಕುಡಿತಕ್ಕೂ ವಂಶವಾಹಿಗೂ ಇರುವ ನಂಟಿನಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾಗಿರುವುದು ಕುಡಿಸುವ ಜೀನಲ್ಲ, ಕುಡಿಯದಂತೆ ತಡೆಯುವ ಜೀನು. ಆ ತಡೆ ನಮ್ಮವರ ರಕ್ತದಲ್ಲಿ ಬಹುಮಟ್ಟಿಗೆ ಇಲ್ಲ.

ಆ ತಡೆ ಇರುವುದು ಜಪಾನ್, ಚೀನಾ, ಕೊರಿಯಾಗಳಲ್ಲಿ. ಅಲ್ಲಿನ ಜನರಲ್ಲಿ ಮೂರರಲ್ಲಿ ಒಬ್ಬರಿಗೆ, ಕೆಲವು ಕಡೆ ಅದಕ್ಕೂ ಹೆಚ್ಚು ಜನರಿಗೆ, ಒಂದೆರಡು ಗುಟುಕು ಬಿಯರ್ ಹೋದರೆ ಸಾಕು, ಕತ್ತಿನಿಂದ ಕಿವಿಯವರೆಗೆ ಕೆಂಪೇರುತ್ತದೆ. ಕಾರಣ, ಅವರ ಎಎಲ್‌ಡಿಎಚ್-2 ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಕಿಣ್ವದ ಸರಪಣಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ಲೈಸಿನ್ ಬಂದು ಕೂತಿದೆ. ಈ ಕಿಣ್ವ ನಾಲ್ಕು ಬಿಡಿಭಾಗ ಕೂಡಿ ಆಗುವಂಥದ್ದು, ನಾಲ್ಕು ಎತ್ತು ಹೂಡಿದ ಬಂಡಿಯಂತೆ. ಒಂದು ಎತ್ತು ಕುಂಟಿದರೂ ಬಂಡಿಯ ನಡೆ ಕೆಡುತ್ತದೆ. ತಾಯಿಯಿಂದಲೋ ತಂದೆಯಿಂದಲೋ ಒಂದೇ ದೋಷದ ಜೀನು ಬಂದವನಲ್ಲಿ ಅರ್ಧದಷ್ಟು ಎತ್ತುಗಳು ಕುಂಟು. ಹಾಗಿದ್ದಾಗ ನಾಲ್ಕೂ ಗಟ್ಟಿ ಎತ್ತುಗಳೇ ಕೂಡಿಬರುವ ಬಂಡಿ ಹದಿನಾರರಲ್ಲಿ ಒಂದೇ. ಹಾಗಾಗಿಯೇ ಒಂದೇ ಪ್ರತಿ ಇದ್ದರೂ ಪರಿಣಾಮ ಅಷ್ಟು ಜೋರು. ಎರಡೂ ಕಡೆಯಿಂದ ಬಂದವನಿಗಂತೂ ಕುಡಿತ ಎಂದರೆ ಶಿಕ್ಷೆ. ಪ್ರಪಂಚದಲ್ಲಿ ಈ ಬದಲಾವಣೆ ಹೊತ್ತವರು ಸುಮಾರು 54 ಕೋಟಿ ಜನ.

1982ರಲ್ಲಿ ಸಂಶೋಧಕ ಹರಾಡ ಮತ್ತು ಜೊತೆಗಾರರು ಜಪಾನಿನ ಮದ್ಯವ್ಯಸನಿಗಳನ್ನೂ ಇತರರನ್ನೂ ಹೋಲಿಸಿ ನೋಡಿದರು. ಸಾಮಾನ್ಯ ಜನರಲ್ಲಿ ಶೇ. 40ರಷ್ಟು ಮಂದಿಗೆ ಕಿಣ್ವದ ಈ ಕೊರತೆ ಇತ್ತು, ವ್ಯಸನಿಗಳಲ್ಲಿ ಶೇ. 2ರಷ್ಟು ಮಂದಿಗೆ ಮಾತ್ರ. ಒಂದು ಜೀನಿನ ಒಂದು ಅಕ್ಷರ ಮನುಷ್ಯನ ನಡತೆಯ ಮೇಲೆ ಇಷ್ಟು ನೇರವಾಗಿ ಕೈಯಿಟ್ಟ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ.

ಎಡಿಎಚ್ ಕಡೆಯೂ ಇಂಥದ್ದೇ ಒಂದು ಬದಲಾವಣೆ ಇದೆ. ಎಡಿಎಚ್-1ಬಿ ಜೀನಿನ ಒಂದು ರೂಪ ಆಲ್ಕೊಹಾಲನ್ನು ಮಾಮೂಲಿಗಿಂತ ಬಹಳ ವೇಗವಾಗಿ ಒಡೆಯುತ್ತದೆ, ಅಸಿಟಾಲ್ಡಿಹೈಡ್ ಬೇಗ ಬೇಗ ಹುಟ್ಟುತ್ತದೆ. ಇದೂ ವ್ಯಸನದ ಅಪಾಯವನ್ನು ತಗ್ಗಿಸುತ್ತದೆ. ಪೂರ್ವ ಏಷ್ಯಾದಲ್ಲಿ ಇದು ಬಹುಪಾಲು ಜನರಲ್ಲಿದೆ, ಪಶ್ಚಿಮ ಏಷ್ಯಾದಲ್ಲೂ ಸಾಕಷ್ಟಿದೆ, ಯುರೋಪಿನಲ್ಲಿ ವಿರಳ. ಲಕ್ಷಾಂತರ ಜನರ ಇಡೀ ಜೀನೋಮನ್ನು ಜಾಲಾಡಿದ ಇತ್ತೀಚಿನ ದೊಡ್ಡ ಅಧ್ಯಯನಗಳಲ್ಲೂ ಮದ್ಯವ್ಯಸನದ ಜೊತೆ ಮತ್ತೆ ಮತ್ತೆ ಎದ್ದು ಕಂಡ ಜೀನು ಇದೇ.

ಹಾಗಾದರೆ ನಮ್ಮವರ ಕಥೆ ಏನು? ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಭಾರತದ ಆರು ಸಮುದಾಯಗಳ ಎಎಲ್‌ಡಿಎಚ್-2 ಜೀನನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ಮುಖ ಕೆಂಪಾಗಿಸುವ ರೂಪ ಅಲ್ಲಿ ಕಾಣಲಿಲ್ಲ. ಈಶಾನ್ಯದ ಕೆಲವು ಸಮುದಾಯಗಳನ್ನು ಬಿಟ್ಟರೆ ಭಾರತದಲ್ಲಿ ಅದು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಎಡಿಎಚ್-1ಬಿಯ ವೇಗದ ರೂಪವೂ ನಮ್ಮ ಕಡೆ ತೀರಾ ಕಡಿಮೆ. ಎಂದರೆ ಟೋಕಿಯೊದ ಒಬ್ಬ ಗುಮಾಸ್ತನಿಗೆ ಎರಡನೇ ಲೋಟಕ್ಕೆ ಮೈಯೇ ಬೇಡ ಅನ್ನುತ್ತದೆ. ದಾವಣಗೆರೆಯ ಹಮಾಲಿಗೆ ಆರನೇ ಲೋಟಕ್ಕೂ ಮೈ ತಕರಾರು ಮಾಡುವುದಿಲ್ಲ.

ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಜಗತ್ತಿನ ವಿಜ್ಞಾನಿಗಳು ಬಹುಕಾಲ ನೆಚ್ಚಿಕೊಂಡ ‘ಸಾವಿರ ಜೀನೋಮ್’ ಸಂಗ್ರಹದಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಅಮೆರಿಕದ ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನ ತೆಲುಗರು, ಬ್ರಿಟನ್ನಿನ ಶ್ರೀಲಂಕಾ ತಮಿಳರು. ಕನ್ನಡಿಗರ ಹೆಸರಿನ ಗುಂಪೇ ಅದರಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ, ಇಪ್ಪತ್ತು ಸಂಸ್ಥೆಗಳು ಕೂಡಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರದಷ್ಟು ಭಾರತೀಯರ ಜೀನೋಮನ್ನು ಓದಿತು. ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ದಾವಣಗೆರೆ ಸೀಮೆಯ ಕುಡಿತದ ಬಗ್ಗೆ ಜೀನಿನ ಮಾತು ಆಡುವವರು ಇನ್ನು ಮುಂದೆ ಟೋಕಿಯೊ ಅಥವಾ ಹ್ಯೂಸ್ಟನ್ನಿನ ಅಂಕಿ ಎರವಲು ತರಬೇಕಾಗಿಲ್ಲ. ಇಷ್ಟು ತಡವಾದದ್ದಕ್ಕೆ ಬೇಸರವಿದೆ, ಬಂದದ್ದಕ್ಕೆ ಸಂತೋಷವಿದೆ.

ಚೀನಾದವರ ಮೈಗೆ ಕುಡಿತ ತಡೆಯುವ ಈ ಬ್ರೇಕು ಬಂದದ್ದು ಹೇಗೆ ಎಂಬುದಕ್ಕೆ ಒಂದು ವಾದ ಇದೆ. ಎಡಿಎಚ್-1ಬಿಯ ವೇಗದ ರೂಪ ಹರಡಿರುವ ನಕ್ಷೆಯನ್ನೂ ಅಲ್ಲಿ ಭತ್ತದ ಬೇಸಾಯ ಹಬ್ಬಿದ ಹಳೆಯ ನೆಲೆಗಳ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟರೆ ಹೊಂದುತ್ತದೆ ಎಂದು 2010ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಅಕ್ಕಿ ಬಂತು, ಅಕ್ಕಿಯಿಂದ ಹುಳಿ ಬರಿಸಿದ ಪಾನೀಯ ಬಂತು, ಕುಡಿದು ಕೆಡದವರ ಸಂತಾನ ಉಳಿಯಿತು ಎಂಬುದು ಅವರ ಊಹೆ. ದಾವಣಗೆರೆ, ಹರಿಹರ ಇಂದು ಭತ್ತದ ಕಣಜ, ನಿಜ. ಆದರೆ ಇಲ್ಲಿನ ಹೊಲಗಳು ಗದ್ದೆಗಳಾದದ್ದು ಭದ್ರಾ ನಾಲೆಯ ನೀರು ಹರಿದ ಮೇಲೆ, ಅಜ್ಜಂದಿರ ಕಾಲದಲ್ಲಿ. ಜೀನಿನ ಲೆಕ್ಕದಲ್ಲಿ ಎರಡು ಮೂರು ತಲೆಮಾರು ಕಣ್ಣು ಮಿಟುಕಿಸಿದಷ್ಟೇ. ಇನ್ನೂ ಹಿಂದಕ್ಕೆ ಹೋದರೆ, ಮನುಷ್ಯರ, ಗೊರಿಲ್ಲಾಗಳ, ಚಿಂಪಾಂಜಿಗಳ ಸಮಾನ ಪೂರ್ವಜರಲ್ಲಿ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಎಡಿಎಚ್-4 ಎಂಬ ಕಿಣ್ವಕ್ಕೆ ಆಲ್ಕೊಹಾಲು ಒಡೆಯುವ ಶಕ್ತಿ ನಲವತ್ತು ಪಟ್ಟು ಏರಿತೆಂದು 2015ರ ಅಧ್ಯಯನವೊಂದು ಕಂಡುಕೊಂಡಿದೆ. ಮರದಿಂದಿಳಿದು, ನೆಲಕ್ಕೆ ಬಿದ್ದು ಹುಳಿ ಬಂದ ಹಣ್ಣು ತಿನ್ನುತ್ತಿದ್ದ ಪ್ರಾಣಿಗಳಿಗೆ ಅದು ಜೀವ ಉಳಿಸಿದ ವರ. ಕಾಡಿನ ಹಣ್ಣಿಗೆಂದು ಆದ ಆ ಏರ್ಪಾಟಿನ ಮೇಲೆ ಕ್ವಾರ್ಟರ್ ಪ್ಯಾಕೆಟ್ಟಿನ ಭಾರ ಬಿದ್ದಿರುವುದು ಮೊನ್ನೆ ಮೊನ್ನೆ.

ಬ್ರೇಕಿಲ್ಲದ್ದೇ ಕಾರಣವಾಗಿದ್ದರೆ ನಮ್ಮಲ್ಲಿ ಪ್ರತಿಯೊಬ್ಬನೂ ಕುಡುಕನಾಗಬೇಕಿತ್ತು. ಹಾಗಾಗಿಲ್ಲ. ದೆಹಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನ ಭಾರತೀಯರಲ್ಲಿ ಮದ್ಯ ಮುಟ್ಟುವವರು ಶೇ. 14.6, ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಹೆಂಗಸರಿಗೂ ಗಂಡಸರಿಗೂ ಈ ಜೀನುಗಳಲ್ಲಿ ವ್ಯತ್ಯಾಸ ಇಲ್ಲ. ಇಬ್ಬರ ನಡುವಿನ ಈ ಅಗಾಧ ಅಂತರ ಮನೆಯೂ ಮರ್ಯಾದೆಯೂ ರೂಢಿಯೂ ಸೇರಿ ಕಟ್ಟಿದ್ದು.

ಆದರೂ ಕಟ್ಟೆಯ ಮೇಲಿನ ಮಾತು ಪೂರ್ತಿ ಸುಳ್ಳಲ್ಲ. ಅವಳಿಜವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದರೆ ಮದ್ಯವ್ಯಸನದ ಅಪಾಯದಲ್ಲಿ ಅರ್ಧದಷ್ಟು ಪಾಲು ವಂಶವಾಹಿಯದು ಎಂದು ತಿಳಿಯುತ್ತದೆ. 1973ರಲ್ಲಿ ಡೆನ್ಮಾರ್ಕಿನ ದತ್ತು ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ಹೆತ್ತವರಿಂದ ಬೇರೆಯಾಗಿ ಬೇರೆ ಮನೆಯಲ್ಲಿ ಬೆಳೆದ ಕುಡುಕರ ಗಂಡುಮಕ್ಕಳಲ್ಲೂ ವ್ಯಸನ ಮೂರು ನಾಲ್ಕು ಪಟ್ಟು ಹೆಚ್ಚಿತ್ತು. ಆದರೆ ಆ ಅರ್ಧ ಪಾಲನ್ನು ಯಾವುದೋ ಒಂದು ಜೀನು ಹೊತ್ತು ತಿರುಗುತ್ತಿಲ್ಲ. ನೂರಾರು ಜೀನುಗಳು ಒಂದೊಂದು ಚಿಟಿಕೆ ಸೇರಿಸುತ್ತವೆ, ಅವುಗಳಲ್ಲಿ ಹಲವು ಲಿವರಿನ ಕಿಣ್ವಕ್ಕಲ್ಲ, ಮಿದುಳಿಗೆ ಸಂಬಂಧಿಸಿದವು.

ಇದನ್ನು ಕರ್ನಾಟಕದಲ್ಲೇ ಹತ್ತಿರದಿಂದ ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು. ವಿವೇಕ್ ಬೆನೆಗಲ್, ಸಂಜೀವ್ ಜೈನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರ ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ಅಳೆದರು. ನಿರೀಕ್ಷಿಸದ ಒಂದು ಸದ್ದು ಕಿವಿಗೆ ಬಿದ್ದ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ, ಅದಕ್ಕೆ ಪಿ-300 ಎಂದು ಹೆಸರು. ಕುಟುಂಬದಲ್ಲಿ ವ್ಯಸನದ ಅಪಾಯ ಹೆಚ್ಚಿದಷ್ಟೂ ಆ ಅಲೆಯ ಎತ್ತರ ಕಡಿಮೆಯಾಗುತ್ತಾ ಹೋಗಿತ್ತು. ಇಂಥ ಮಕ್ಕಳಿಗೆ ತಡೆದುಕೊಳ್ಳುವುದು, ಒಂದು ಗಳಿಗೆ ಯೋಚಿಸುವುದು ಇತರರಿಗಿಂತ ಕಷ್ಟ ಎಂಬ ತಿಳಿವಳಿಕೆಯ ಕಡೆಗೆ ಆ ಸಾಲಿನ ಸಂಶೋಧನೆ ಕರೆದೊಯ್ದಿದೆ. ಅಪ್ಪನಿಂದ ಮಗನಿಗೆ ಬರುವುದು ಕುಡಿತವಲ್ಲ, ಎಲ್ಲದಕ್ಕೂ ಬೇಗ ಕೈಹಾಕುವ, ಹಾಕಿದ ಕೈ ಹಿಂದೆಗೆಯಲು ತಡವಾಗುವ ಸ್ವಭಾವ. ಅಂಥ ಹುಡುಗನ ಕೈಗೆ ಹದಿನೈದರಲ್ಲೇ ಬಾಟಲಿ ಸಿಕ್ಕಿದರೆ ಏನಾಗುತ್ತದೆ, ಇಪ್ಪತ್ತೈದರವರೆಗೆ ಸಿಗದಿದ್ದರೆ ಏನಾಗುತ್ತದೆ ಎಂಬುದು ಜೀನು ತೀರ್ಮಾನಿಸುವ ವಿಷಯ ಅಲ್ಲ.

ಇನ್ನೊಂದು ಗುರುತು ನಮ್ಮ ಊರುಗಳಲ್ಲಿ ತಪ್ಪಾಗಿ ಮೆಚ್ಚುಗೆ ಪಡೆಯುತ್ತದೆ. “ಎಷ್ಟು ಹಾಕಿದ್ರೂ ಅವನಿಗೆ ಏರಾಂಗಿಲ್ಲ, ಗಟ್ಟಿ ಆಳು” ಎಂದು ಗೆಳೆಯರು ಬೆನ್ನು ತಟ್ಟುತ್ತಾರೆ. ಅಮೆರಿಕದ ಸ್ಯಾನ್ ಡಿಯೆಗೊದ ಮನೋವೈದ್ಯ ಮಾರ್ಕ್ ಶುಕಿಟ್ ವ್ಯಸನಿಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡದ್ದು ಇದಕ್ಕೆ ತದ್ವಿರುದ್ಧ: ಇಪ್ಪತ್ತರ ಹರೆಯದಲ್ಲಿ ಕುಡಿದರೂ ಅಷ್ಟಾಗಿ ಏರದವರೇ ಮುಂದೆ ವ್ಯಸನಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಏರದ್ದರಿಂದ ಇನ್ನಷ್ಟು ಕುಡಿಯುತ್ತಾರೆ, ಮೈಗೆ ತಗಲುವ ಪೆಟ್ಟು ಮಾತ್ರ ಕಡಿಮೆಯಾಗುವುದಿಲ್ಲ. ಮದುವೆ ಮನೆಯ ಹಿಂದುಗಡೆ, ಗಣೇಶನ ವಿಸರ್ಜನೆಯ ರಾತ್ರಿ ಇಂಥ ಹುಡುಗನನ್ನು ಹುರಿದುಂಬಿಸುವವರು ಇದನ್ನು ತಿಳಿಯಬೇಕು.

ಜೀನು ಎಷ್ಟರಮಟ್ಟಿಗೆ ಬಲವಂತ ಎಂಬ ಪ್ರಶ್ನೆಗೆ ಮನಸ್ಸಿಗೆ ನಾಟುವ ಉತ್ತರ ಮತ್ತೆ ಜಪಾನಿನಿಂದಲೇ ಬಂದಿದೆ. ಸಂಶೋಧಕ ಹಿಗುಚಿ ಮತ್ತು ಸಂಗಡಿಗರು ಅಲ್ಲಿನ ವ್ಯಸನಿಗಳಲ್ಲಿ ಎಎಲ್‌ಡಿಎಚ್-2 ಜೀನಿನ ಒಂದು ಕುಂಟು ಪ್ರತಿ ಹೊತ್ತವರು ಎಷ್ಟೆಂದು ಕಾಲಕ್ರಮದಲ್ಲಿ ಎಣಿಸಿದರು. 1979ರಲ್ಲಿ ಶೇ. 2.5, 1986ರಲ್ಲಿ ಶೇ. 8, 1992ರಲ್ಲಿ ಶೇ. 13. ಹದಿಮೂರು ವರ್ಷದಲ್ಲಿ ಯಾವ ದೇಶದ ಜೀನೂ ಬದಲಾಗುವುದಿಲ್ಲ. ಬದಲಾದದ್ದು ಆಫೀಸು ಮುಗಿದ ಮೇಲೆ ಎಲ್ಲರೂ ಕೂಡಿ ಕುಡಿಯಲೇಬೇಕೆಂಬ ಕಟ್ಟಳೆ, ಕೈಗೆಟುಕುವ ಬೆಲೆ, ಬೀದಿಗೊಂದು ಬಾರು. ಮುಖ ಕೆಂಪಾಗಿ ಹೊಟ್ಟೆ ತೊಳೆಸಿದರೂ ಜನ ಕುಡಿದರು, ಅಭ್ಯಾಸ ಮಾಡಿಕೊಂಡರು. ಹಾಗೆ ಮೈಯ ಬ್ರೇಕನ್ನು ಮೀರಿ ಕುಡಿದವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರಿತು. ಎರಡೂ ಪ್ರತಿ ಕುಂಟಾದವರು ಮಾತ್ರ ವ್ಯಸನಿಗಳ ಆ ಪಟ್ಟಿಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ನಮ್ಮಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಪಾಕೀಟು ಸಾರಾಯಿಯ ಅಂಗಡಿಗಳು ಮುಚ್ಚಿದವು, ಕುಡಿಯುವವರು ಅಗ್ಗದ ವಿಸ್ಕಿ, ರಮ್ಮಿನ ಕಡೆ ಹೊರಳಿದರು. ಈಗ ಅಬಕಾರಿಯಿಂದ ರಾಜ್ಯ ಸರ್ಕಾರಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಬರುತ್ತದೆ. ಮೈಯೊಳಗಿನ ತಡೆ ಇಲ್ಲದ ಜನರ ನಡುವೆ ಹೊರಗಿನ ತಡೆಯಾಗಬೇಕಾದ ಬೆಲೆ, ಅಂಗಡಿಯ ದೂರ, ಮುಚ್ಚುವ ಹೊತ್ತು ಇವೆಲ್ಲ ಯಾರ ಕೈಯಲ್ಲಿವೆಯೋ ಅವರ ಬೊಕ್ಕಸವೇ ಆ ಮಾರಾಟದಿಂದ ತುಂಬುತ್ತದೆ. ಬೆನೆಗಲ್ ಮತ್ತು ಸಂಗಡಿಗರು 2000ದಷ್ಟು ಹಿಂದೆಯೇ ಕರ್ನಾಟಕದ ಲೆಕ್ಕ ಹಾಕಿ, ಕುಡಿತದಿಂದ ಸಮಾಜಕ್ಕೆ ಆಗುವ ನಷ್ಟ ಸರ್ಕಾರಕ್ಕೆ ಬರುವ ಆದಾಯವನ್ನು ಮೀರುತ್ತದೆ ಎಂದು ತೋರಿಸಿದ್ದರು.

ಮೊದಲು ಹೇಳಿದ ಎಡಿಎಚ್ ಕಿಣ್ವದ ಕ್ರೂರ ಮುಖವನ್ನೂ ಕರ್ನಾಟಕ ಕಂಡಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮುಂಚೆಯೇ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಕೊಂದದ್ದು ಮೆಥನಾಲ್. ಅದು ತಾನೇ ಅಷ್ಟು ವಿಷವಲ್ಲ, ಎಡಿಎಚ್ ಅದನ್ನೂ ತನ್ನ ಪಾಡಿಗೆ ಒಡೆದು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರ ಸುಡುತ್ತದೆ. ಆಸ್ಪತ್ರೆಗೆ ಬೇಗ ಬಂದವನಿಗೆ ವೈದ್ಯರು ಕೊಡುವ ಮದ್ದುಗಳಲ್ಲಿ ಒಂದು ಶುದ್ಧ ಎಥನಾಲ್, ಅಂದರೆ ಕುಡಿಯುವ ಆಲ್ಕೊಹಾಲೇ. ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಹೆಚ್ಚು ಪ್ರಿಯ. ಅದರಲ್ಲೇ ಮುಳುಗಿರುವಷ್ಟು ಹೊತ್ತು ಮೆಥನಾಲ್ ಒಡೆಯದೆ ಮೂತ್ರದಲ್ಲೋ ಡಯಾಲಿಸಿಸ್‌ನಲ್ಲೋ ಹೊರಹೋಗುತ್ತದೆ.

ಹುಟ್ಟಿನಿಂದ ಬರದ ಬ್ರೇಕನ್ನು ಮಾತ್ರೆಯಿಂದ ಕೊಡಬಹುದು ಎಂಬುದು ಆಕಸ್ಮಿಕವಾಗಿ ತಿಳಿದದ್ದು. 1930ರ ದಶಕದಲ್ಲಿ ಅಮೆರಿಕದ ಕಾರ್ಖಾನೆಯೊಂದರ ವೈದ್ಯ, ರಬ್ಬರಿಗೆ ಬಳಸುವ ಒಂದು ರಾಸಾಯನಿಕದ ನಡುವೆ ದುಡಿಯುವ ಕಾರ್ಮಿಕರು ಕುಡಿದರೆ ಕಾಯಿಲೆ ಬೀಳುತ್ತಾರೆಂದು ಗಮನಿಸಿದ್ದ. 1940ರ ದಶಕದಲ್ಲಿ ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸನ್ ಅದರ ಸೋದರ ಪದಾರ್ಥ ಡೈಸಲ್ಫಿರಾಮನ್ನು ಹೊಟ್ಟೆಹುಳದ ಔಷಧಿಯಾಗಬಹುದೇ ಎಂದು ತಾವೇ ನುಂಗಿ ನೋಡುತ್ತಿದ್ದರು. ಸ್ವಲ್ಪ ಕುಡಿದದ್ದೇ ತಡ, ಮುಖ ಕೆಂಪಾಗಿ ಎದೆ ಹೊಡೆದುಕೊಂಡಿತು. ಆ ಮಾತ್ರೆ ಎಎಲ್‌ಡಿಎಚ್ ಕಿಣ್ವಕ್ಕೆ ಬೀಗ ಜಡಿಯುತ್ತದೆ. ಜಪಾನಿಯ ಮೈಯಲ್ಲಿ ಜೀನು ಮಾಡುವ ಕೆಲಸವನ್ನು ಹರಿಹರದವನ ಮೈಯಲ್ಲಿ 250 ಮಿಲಿಗ್ರಾಂ ಮಾಡುತ್ತದೆ.

ಈ ಮಾತ್ರೆಯ ಹೆಸರಿನಲ್ಲಿ ಆಗುವ ಅನಾಹುತವೂ ದೊಡ್ಡದು. ಬಸ್ ನಿಲ್ದಾಣದ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಚೀಟಿಗಳು ಅಂಟಿರುತ್ತವೆ, ಕೆಳಗೊಂದು ಮೊಬೈಲ್ ನಂಬರ್. ಸಾರಿನಲ್ಲಿ, ಚಹಾದಲ್ಲಿ ಬೆರೆಸುವ ಆ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಏನೂ ಅರಿಯದ ಮನುಷ್ಯ ಸಂಜೆ ಎಂದಿನಂತೆ ಒಂದು ಕ್ವಾರ್ಟರ್ ಎತ್ತಿದರೆ ರಕ್ತದೊತ್ತಡ ದಿಢೀರ್ ಕುಸಿಯಬಹುದು. ಹೃದ್ರೋಗವಿದ್ದವನು ಸಾಯಲೂಬಹುದು. ಕೊಟ್ಟ ಹೆಂಡತಿ ಒಳ್ಳೆಯದಾಗಲೆಂದೇ ಕೊಟ್ಟಿರುತ್ತಾಳೆ. ಆ ಗೋಡೆಗಳನ್ನು ಒರೆಸುವ ಕೆಲಸ ನಗರಸಭೆಗೂ ಆರೋಗ್ಯ ಇಲಾಖೆಗೂ ಯಾಕೆ ಮುಖ್ಯವೆನಿಸಿಲ್ಲ ಎಂದು ಕೇಳಬೇಕಾಗಿದೆ. ವೈದ್ಯರಿಲ್ಲದೆ ಕುಡಿತ ಬಿಡಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ: ದಿನವೂ ಕುಡಿದು ಅಭ್ಯಾಸವಾದವನು ಒಮ್ಮೆಗೇ ನಿಲ್ಲಿಸಿದಾಗ ಎರಡು ಮೂರು ದಿನದಲ್ಲಿ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಬಡಬಡಿಸುವುದೂ ಜೀವಕ್ಕೆ ಅಪಾಯದ ಹೊತ್ತು. ಆಗ ವೈದ್ಯರು ಬೇಕೇ ಬೇಕು.

ಸರಿಯಾದ ದಾರಿಯಲ್ಲಿ ಈ ಮಾತ್ರೆ ನಡೆಯುವುದು ಹೀಗೆ. ಮೊದಲು ಲಿವರ್, ಹೃದಯದ ಪರೀಕ್ಷೆ. ಆಮೇಲೆ ರೋಗಿಯನ್ನು ಕೂರಿಸಿಕೊಂಡು ಕುಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಿ ಅವನ ಒಪ್ಪಿಗೆ ಪಡೆಯುತ್ತಾರೆ. ಕೊನೆಯ ಗುಟುಕಿನಿಂದ ಕನಿಷ್ಠ ಹನ್ನೆರಡು ಗಂಟೆ ಕಳೆದಿರಬೇಕು. ಕೆಮ್ಮಿನ ಸಿರಪ್ಪಿನಲ್ಲೂ ಆಲ್ಕೊಹಾಲು ಇರಬಹುದು, ನೋಡಿ ಕುಡಿಯಬೇಕು ಎನ್ನುತ್ತಾರೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿಯೋ ತಾಯಿಯೋ ಮಾತ್ರೆ ಕೈಗಿಟ್ಟು, ಅವನು ನುಂಗುವುದನ್ನು ಎದುರಿಗೆ ನಿಂತು ನೋಡುತ್ತಾರೆ, ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಗೀಟು ಹಾಕುತ್ತಾರೆ. ಹೀಗೆ ಎದುರಿಗೆ ನಿಂತು ಕೊಡುವವರಿದ್ದಾಗಲೇ ಈ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಹಲವು ಅಧ್ಯಯನಗಳ ತಿಳಿವು. ಅವನು ಒಂದು ದಿನ ಮಾತ್ರೆ ಬೇಡವೆಂದರೂ ಬೀಗ ತಕ್ಷಣ ಬಿಚ್ಚುವುದಿಲ್ಲ. ಲಿವರ್ ಹೊಸ ಕಿಣ್ವ ಕಟ್ಟಿಕೊಳ್ಳಲು ಸಮಯ ಬೇಕು, ಕುಡಿದರೆ ಕಾಡುವ ಸ್ಥಿತಿ ಎರಡು ವಾರದವರೆಗೂ ಉಳಿಯಬಹುದು. ಕ್ಯಾಲೆಂಡರಿನಲ್ಲಿ ಗೀಟು ತಪ್ಪಿದ ಮೊದಲ ಬೆಳಿಗ್ಗೆಯೇ ಆ ಮನೆಯವರು ವೈದ್ಯರಿಗೋ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೋ ಫೋನು ಮಾಡಿದರೆ ಅವರ ಕೈಯಲ್ಲಿ ಇನ್ನೂ ಕೆಲವು ದಿನಗಳಿರುತ್ತವೆ.